ಜತ್ತದ ಹಳ್ಳಿಯಿಂದ ಪರೇಲ್‌ಗೆ: ರೋಗಿಯ ಬಸ್ಸು, ರೈಲು ಮತ್ತು ಡಾಕ್ಟರ ತಾರೀಖು

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ತಂದೆಗೆ 70 ವರ್ಷ, ಇರುವುದು ಸಾಂಗಲಿ ಜಿಲ್ಲೆ ಜತ್ತ ತಾಲ್ಲೂಕಿನ ಪೂರ್ವ ಭಾಗದ ಒಂದು ಹಳ್ಳಿಯಲ್ಲಿ. ಗಂಟಲಿನ ಕ್ಯಾನ್ಸರ್‌ಗೆ ಮುಂಬಯಿಯಲ್ಲಿ ಆಪರೇಷನ್, ರೇಡಿಯೇಷನ್ ಎರಡೂ ಮುಗಿದಿವೆ. ಈಗ ಎರಡು ತಿಂಗಳಿಗೊಮ್ಮೆ ಅಲ್ಲಿನ ಪರೇಲ್‌ನ ಆಸ್ಪತ್ರೆಗೆ ಬಂದು ತೋರಿಸಬೇಕು. ನಮ್ಮ ಮನೆಯಲ್ಲೇ ಇರಿ ಎಂದರೆ ಹೊಲ, ಎಮ್ಮೆ ಬಿಟ್ಟು ಬರಲು ಒಪ್ಪುವುದಿಲ್ಲ. ಒಂದು ಸಲ ಕಾರು ಮಾಡಿಸಿದೆವು, ಆ ಖರ್ಚು ಪ್ರತಿ ಸಲ ಆಗುವಂಥದ್ದಲ್ಲ. ಕಳೆದ ಸಲ ಎಸ್‌ಟಿಯಲ್ಲಿ (ಮಹಾರಾಷ್ಟ್ರದ ಸರ್ಕಾರಿ ಬಸ್ಸು) ಮಿರಜಿಗೆ ಬಂದು, ಅಲ್ಲಿಂದ ರಾತ್ರಿ ರೈಲಿನ ಜನರಲ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ಕೂತು ಬಂದರು. ಓಪಿಡಿ (ಹೊರರೋಗಿ ವಿಭಾಗ) ತಲುಪುವಷ್ಟರಲ್ಲಿ ಹೊತ್ತಾಗಿ, ನಾಳೆ ಬನ್ನಿ ಎಂದರು. ಅಮೆರಿಕದಲ್ಲಿರುವ ನಮ್ಮ ಭಾವ ಹೇಳುತ್ತಾರೆ, ಅಲ್ಲಿ ಹಳ್ಳಿಯ ಬಸ್ಸಿನವರೇ ಬಡ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ಯುತ್ತಾರಂತೆ, ದುಡ್ಡು ಸರ್ಕಾರ ಕೊಡುತ್ತದಂತೆ. ನಮ್ಮಲ್ಲಿ ಅಂಥದ್ದೇನಾದರೂ ಇದೆಯೆ? ಇಲ್ಲವಾದರೆ ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಭಾವ ಹೇಳಿದ್ದು ನಿಜ, ಅದರ ಮಾತು ಕೊನೆಗೆ ಆಡೋಣ. ಮೊದಲು ತಂದೆಯವರ ಮುಂದಿನ ತಾರೀಖಿನ ಯೋಚನೆ ಮಾಡೋಣ.

ರೋಗಿಗಳಿಗೆ ಟಿಕೆಟಿನ ರಿಯಾಯಿತಿ ನಮ್ಮಲ್ಲಿ ಸಾಕಷ್ಟಿದೆ, ಬಹಳ ಜನಕ್ಕೆ ಅದು ಗೊತ್ತೇ ಇರುವುದಿಲ್ಲ. ಇಲ್ಲದಿರುವುದು ಹೊಂದಾಣಿಕೆ. ಹಳ್ಳಿಗೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಡಾಕ್ಟರಿಗೆ ತಿಳಿದಿಲ್ಲ, ಓಪಿಡಿ ಎಷ್ಟಕ್ಕೆ ಶುರುವೆಂದು ಡಿಪೋದವರಿಗೆ ತಿಳಿದಿಲ್ಲ, ಎರಡರ ನಡುವೆ ಒದ್ದಾಡುವವರು ರೋಗಿ ಮತ್ತು ಅವರ ಜತೆ ಬಂದವರು. ಮುಂಬಯಿಯ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತೆಯಾಗಿ ದುಡಿಯುತ್ತ ನಾನು ಕಂಡುಕೊಂಡದ್ದು ಇಷ್ಟು: ಹಳ್ಳಿಯಿಂದ ಬರುವವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದಕ್ಕೆ ಬಹಳ ಸಲ ದಾರಿಯೇ ಕಾರಣ. ಆದ್ದರಿಂದ ದಾರಿಯ ಮಾತನ್ನು ಡಾಕ್ಟರ ಕೋಣೆಯಲ್ಲೇ ಎತ್ತಬೇಕು. ಮನೆಗೆ ಬಂದ ಮೇಲೆ ಎತ್ತಿದರೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಹೇಗೆಂದು ಹೇಳುತ್ತೇನೆ. ‘ಎರಡು ತಿಂಗಳು ಬಿಟ್ಟು ಬನ್ನಿ’ ಎಂದು ಫೈಲಿನಲ್ಲಿ ಬರೆಯುವ ಕಿರಿಯ ಡಾಕ್ಟರಿಗೆ ಯಾವ ವಾರ ಎಂಬುದೇ ಹೆಚ್ಚು ಮುಖ್ಯ, ನಿಮ್ಮ ಡಾಕ್ಟರ ಓಪಿಡಿ ಇರುವ ದಿನಗಳಲ್ಲಿ ಯಾವ ದಿನವಾದರೂ ಅವರಿಗೆ ನಡೆಯುತ್ತದೆ. ನಿಮಗೆ ಮಾತ್ರ ಆ ದಿನವೇ ಎಲ್ಲ. ಸೋಮವಾರ ತಾರೀಖು ಬಿದ್ದರೆ ಹಳ್ಳಿಯಿಂದ ಶನಿವಾರ, ಭಾನುವಾರ ಹೊರಡಬೇಕು. ಹಳ್ಳಿಯ ಎಸ್‌ಟಿ ಫೇರಿಗಳು, ಅಂದರೆ ಬಸ್ಸಿನ ಸುತ್ತುಗಳು, ಬಹುಮಟ್ಟಿಗೆ ಶಾಲೆ ಮಕ್ಕಳ ಹೊತ್ತಿಗೆ ಹೊಂದಿಸಿದವು, ಭಾನುವಾರ ಮತ್ತು ರಜೆಯಲ್ಲಿ ಅವು ಕಡಿಮೆಯಾಗುತ್ತವೆ. ಅದಕ್ಕೇ ತಾರೀಖು ಬರೆಯುವಾಗಲೇ, ‘ಸರ್, ನಮ್ಮದು ಜತ್ತದ ಆಚೆ, ರಾತ್ರಿ ರೈಲಿಗೆ ಬರಬೇಕು, ಬುಧವಾರ ಅಥವಾ ಗುರುವಾರ ಕೊಡಿ’ ಎಂದು ಕೇಳಿ. ಕೇಳಿದವರಿಗೆ ಇಲ್ಲ ಅಂದದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಜೊತೆಗೆ ಇನ್ನೊಂದು ಕೇಳಿ: ರಕ್ತ ಪರೀಕ್ಷೆ, ಸೋನೋಗ್ರಫಿ, ಸ್ಕ್ಯಾನ್ ಏನಾದರೂ ಬೇಕಿದ್ದರೆ ಅದೇ ದಿನ ಅಥವಾ ಅದರ ಹಿಂದಿನ ದಿನಕ್ಕೆ ಬರೆಸಿ. ಪರೀಕ್ಷೆಗೆ ಒಂದು ಸಲ, ರಿಪೋರ್ಟ್ ತೋರಿಸಲು ಇನ್ನೊಂದು ಸಲ ಬರುವ ಪಾಡು ಹಳ್ಳಿಯವರಿಗೆ ಬರಬಾರದು. ಸಾಂಗಲಿ, ಮಿರಜಿನಲ್ಲಿ ಮಾಡಿಸಬಹುದಾದ ಪರೀಕ್ಷೆಗಳನ್ನು ಅಲ್ಲೇ ಮಾಡಿಸಿ ತಂದರೆ ಒಪ್ಪುತ್ತೀರಾ ಎಂದೂ ವಿಚಾರಿಸಿ.

ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್‌ಗೆ ಚಿಕಿತ್ಸೆಯ ನಂತರದ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ನೋಡುವುದು ರೂಢಿ. ಎರಡನೇ ವರ್ಷದಿಂದ ಅಂತರ ಹೆಚ್ಚುತ್ತದೆ. ಮೊದಲ ವರ್ಷದ ಭೇಟಿ ತಪ್ಪಿಸುವಂತಿಲ್ಲ, ಏಕೆಂದರೆ ರೋಗ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಮರಳುತ್ತದೆ. ಆದರೆ ಪ್ರತಿಯೊಂದು ಭೇಟಿಯೂ ಮುಂಬಯಿಯಲ್ಲೇ ಆಗಬೇಕೆಂದಿಲ್ಲ. ಮಿರಜಿನಲ್ಲಿ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ ಇದೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ರೋಗಿ ಮನೆಯ ಹತ್ತಿರವೇ ಒಂದೇ ಮಟ್ಟದ ಚಿಕಿತ್ಸೆ ಪಡೆಯಲಿ ಎಂಬ ಉದ್ದೇಶದಿಂದಲೇ 2012ರಲ್ಲಿ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಶುರುವಾದದ್ದು. ‘ಒಂದು ಸಲ ಇಲ್ಲಿ, ಒಂದು ಸಲ ಮಿರಜಿನಲ್ಲಿ ತೋರಿಸಿದರೆ ಆದೀತೆ?’ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ತೀರ್ಮಾನ ಅವರದು. ಒಪ್ಪಿದರೆ ಅಲ್ಲಿನ ಡಾಕ್ಟರಿಗೆ ಏನು ನೋಡಬೇಕೆಂದು ಚೀಟಿ ಬರೆಸಿಕೊಳ್ಳಿ.

ಈಗ ರೈಲು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಅದರೊಂದಿಗೆ ಎಲ್ಲ ರಿಯಾಯಿತಿಯೂ ಹೋಯಿತೆಂದು ಜನ ನಂಬಿಬಿಟ್ಟಿದ್ದಾರೆ. ಹಾಗಿಲ್ಲ. 11 ಬಗೆಯ ರೋಗಿಗಳ ರಿಯಾಯಿತಿ ಉಳಿದುಕೊಂಡಿದೆ. ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಮೂಲ ದರದ ಮೇಲೆ ಶೇ. 100, ಅಂದರೆ ಪೂರ್ತಿ ಮಾಫಿ. ಸೆಕೆಂಡ್ ಕ್ಲಾಸ್, ಎಸಿ ಚೇರ್ ಕಾರ್‌ಗಳಲ್ಲಿ ಶೇ. 75, ಸೆಕೆಂಡ್ ಎಸಿ, ಫಸ್ಟ್ ಎಸಿಯಲ್ಲಿ ಶೇ. 50. ಜೊತೆಗೆ ಹೋಗುವ ಒಬ್ಬರಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ. 75. ರಿಸರ್ವೇಷನ್ ಶುಲ್ಕ, ಸೂಪರ್‌ಫಾಸ್ಟ್ ಶುಲ್ಕ ಇದ್ದರೆ ಅದನ್ನು ಕೊಡಬೇಕು. ಅಂದರೆ ನಿಮ್ಮ ತಂದೆಯವರು ಜನರಲ್ ಡಬ್ಬಿಯ ಬಾಗಿಲಲ್ಲಿ ಕೂತು ಬಂದ ಆ ರಾತ್ರಿ, ಹೆಚ್ಚುಕಡಿಮೆ ಅದೇ ಖರ್ಚಿನಲ್ಲಿ ಮಲಗಿಕೊಂಡು ಬರಬಹುದಿತ್ತು. ಇದನ್ನು ಅವರಿಗೆ ಯಾರೂ ಹೇಳದೆ ಕಳುಹಿಸಿದ್ದು ನನಗೆ ಬಹಳ ನೋವಿನ ಸಂಗತಿ. ಫೈಲು ಕೊಡುವ ದಿನವೇ ಹೇಳಬೇಕಾದ ಮಾತು ಇದು.

ಈ ಟಿಕೆಟಿಗೆ ರೈಲ್ವೆಯ ನಿಗದಿತ ನಮೂನೆಯ ಸರ್ಟಿಫಿಕೇಟ್ ಬೇಕು, ಆಸ್ಪತ್ರೆಯವರು ಕೊಡುತ್ತಾರೆ. ಮೆಡಿಕಲ್ ಸೋಶಿಯಲ್ ವರ್ಕರ್ ಕಚೇರಿ ಎಲ್ಲಿದೆಯೆಂದು ಕೇಳಿದರೆ ದಾರಿ ತೋರಿಸುತ್ತಾರೆ. ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ರೋಗಿಯ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯೆ? ನಮ್ಮ ಕಡೆಯ ಹೆಸರುಗಳಲ್ಲಿ ಇದೇ ದೊಡ್ಡ ತೊಡಕು: ಆಧಾರ್‌ನಲ್ಲಿ ಮಲ್ಲಪ್ಪ, ಫೈಲಿನಲ್ಲಿ ಮಲ್ಲಾಪಾ, ಸರ್ಟಿಫಿಕೇಟಿನಲ್ಲಿ ಮಾಲಪ್ಪ. ಹೊರಡುವ ಸ್ಟೇಷನ್, ಇಳಿಯುವ ಸ್ಟೇಷನ್ ಬರೆದಿದ್ದಾರೆಯೆ? ನಿಮ್ಮ ವಿಷಯದಲ್ಲಿ ಅದು ಮಿರಜ್ ಮತ್ತು ಮುಂಬಯಿ. ಜೊತೆಗಾರರು ಬೇಕೆಂಬ ಸಾಲು ತುಂಬಿದ್ದಾರೆಯೆ? ಡಾಕ್ಟರ ಸಹಿ, ಅದರ ಕೆಳಗೆ ಹೆಸರಿನ ಮುದ್ರೆ, ಪಕ್ಕದಲ್ಲಿ ಆಸ್ಪತ್ರೆಯ ಗುಂಡು ಶಿಕ್ಕಾ, ಮೂರೂ ಇರಬೇಕು. ಶಿಕ್ಕಾ ಇಲ್ಲದ ಕಾಗದ ಹಿಡಿದು ರಿಸರ್ವೇಷನ್ ಕಿಟಕಿಯಲ್ಲಿ ಸರದಿ ನಿಂತು, ಅಲ್ಲಿಂದ ವಾಪಸ್ ಆಸ್ಪತ್ರೆಗೆ ಬಂದವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಷ್ಟರಲ್ಲಿ ಕಚೇರಿಯ ಬಾಗಿಲು ಹಾಕಿರುತ್ತದೆ.

ಮುಂದಿನ ಸಲ ಬರುವುದಕ್ಕೆ ಬೇಕಾದ ಸರ್ಟಿಫಿಕೇಟನ್ನು ಈ ಸಲ ಊರಿಗೆ ಹೋಗುವ ಮೊದಲೇ ಕೇಳಿ ಇಟ್ಟುಕೊಳ್ಳಿ. ಕಾಗದ ಮುಂಬಯಿಯಲ್ಲಿ, ರೋಗಿ ಜತ್ತದಲ್ಲಿ ಆದರೆ ಅದು ಯಾರ ಉಪಯೋಗಕ್ಕೂ ಬಾರದು. ಟಿಕೆಟನ್ನು ರಿಸರ್ವೇಷನ್ ಕೌಂಟರಿನಲ್ಲೇ ತೆಗೆಯಬೇಕು, ತತ್ಕಾಲ್‌ಗೆ ರಿಯಾಯಿತಿ ಇಲ್ಲ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿ 60 ದಿನ. ಎರಡು ತಿಂಗಳ ತಾರೀಖು ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ, ತಾರೀಖು ಸಿಕ್ಕ ವಾರವೇ ಹೋಗಿಬರುವ ಟಿಕೆಟ್ ಎರಡನ್ನೂ ಮಾಡಿಸಿಬಿಡಿ. ವೇಟಿಂಗ್ ಲಿಸ್ಟ್ ಬಂದರೆ ಎಮರ್ಜೆನ್ಸಿ ಕೋಟಾಕ್ಕೆ ಆಸ್ಪತ್ರೆಯ ಕಾಗದದ ಪ್ರತಿ ಹಚ್ಚಿ ಪ್ರಯಾಣದ ಹಿಂದಿನ ದಿನವೇ ರೈಲ್ವೆ ಕಚೇರಿಗೆ ಅರ್ಜಿ ಕೊಡಬೇಕು. ಹೊರಡುವ ದಿನ ಮಧ್ಯಾಹ್ನ ಓಡಾಡಿದರೆ ಪ್ರಯೋಜನವಿಲ್ಲ.

ಕೊಲ್ಹಾಪುರದಿಂದ ಬರುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರಾತ್ರಿ ಮಿರಜ್, ಸಾಂಗಲಿ ದಾಟಿ ಬೆಳಗ್ಗೆ ಕಲ್ಯಾಣಕ್ಕೆ ಬರುತ್ತದೆ. ನೀವು ಡೊಂಬಿವಲಿಯಲ್ಲಿ ಇರುವುದು ತಂದೆಯವರ ಭಾಗ್ಯ. ಅವರನ್ನು ಓಪಿಡಿಯ ದಿನವೇ ಬರಿಸಬೇಡಿ, ಒಂದು ದಿನ ಮೊದಲು ಕಲ್ಯಾಣದಲ್ಲಿ ಇಳಿಸಿಕೊಂಡು ಮನೆಗೆ ಕರೆದೊಯ್ಯಿರಿ. ಮರುದಿನ ಬೆಳಗ್ಗೆ ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿದರೆ ಪರೇಲ್‌ನಲ್ಲೇ ಇಳಿಯಬಹುದು. ಲೋಕಲ್‌ಗಳಲ್ಲಿ ಅಂಗವಿಕಲರಿಗಾಗಿ ಇರುವ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಕೂರಬಹುದು. ಡಬ್ಬಿ ನಿಲ್ಲುವ ಜಾಗಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಗುರುತಿರುತ್ತದೆ. ಆಸ್ಪತ್ರೆಯ ಕಾಗದ ಜೇಬಿನಲ್ಲಿ ಇರಲಿ. ಆ ಡಬ್ಬಿಯಲ್ಲಿ ನೆಟ್ಟಗೆ ಇರುವವರು ಹತ್ತಿ ಕೂತಿರುವುದು ಉಂಟು. ಆಗ ನಾಚಿಕೊಳ್ಳದೆ ಜಾಗ ಕೇಳಿ. ರೋಗ ಹೊರಗೆ ಕಾಣದಿದ್ದರೆ ಜನ ನಂಬುವುದಿಲ್ಲ, ಕಾಗದ ತೋರಿಸಿದರೆ ಏಳುತ್ತಾರೆ.

ಗಂಟಲಿನ ಆಪರೇಷನ್ ಆದವರ ಪ್ರಯಾಣದ ಬಗ್ಗೆ ಒಂದೆರಡು ಮಾತು ಇಲ್ಲೇ ಹೇಳಬೇಕು. ಕುತ್ತಿಗೆಯಲ್ಲಿ ಉಸಿರಾಟದ ರಂಧ್ರ ಇಟ್ಟಿದ್ದರೆ ಹಳ್ಳಿ ಬಸ್ಸಿನ ಧೂಳು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ತೆಳ್ಳನೆಯ ಹತ್ತಿ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ರಂಧ್ರದ ಮುಂದೆ ಸಡಿಲವಾಗಿ ಇಳಿಬಿಡಬೇಕು. ಒಣಗಿದಾಗ ಮತ್ತೆ ಒದ್ದೆ ಮಾಡಬೇಕು. ರಂಧ್ರದ ನಳಿಗೆಯೊಳಗೆ ಒಳನಳಿಗೆ ಇದ್ದರೆ ಅಂಥದ್ದೇ ಇನ್ನೊಂದನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ಬ್ಯಾಗಿನ ತಳದಲ್ಲಿ ಬೇಡ. ಮೂಗಿನ ನಳಿಗೆಯಿಂದ ಊಟ ಕೊಡುತ್ತಿದ್ದರೆ ಸೋಸಿದ ಗಂಜಿ ಅಥವಾ ಹಾಲು, ಕಾಯಿಸಿ ಆರಿಸಿದ ನೀರು, ಸಿರಿಂಜು, ಒಂದು ಚಿಕ್ಕ ಟವೆಲ್ ಇಷ್ಟನ್ನು ಒಂದೇ ಚೀಲದಲ್ಲಿ ಕಟ್ಟಿ. ಓಡುವ ಬಸ್ಸಿನಲ್ಲಿ ಕೊಡಬೇಡಿ, ನಿಲ್ದಾಣದಲ್ಲಿ ನಿಂತಾಗ ನೆಟ್ಟಗೆ ಕೂರಿಸಿ ಕೊಡಿ. ಮಾತು ಹೊರಡದವರ ಅಂಗಿ ಜೇಬಿನಲ್ಲಿ ಮರಾಠಿಯಲ್ಲಿ ಹೆಸರು, ಊರು, ನಿಮ್ಮ ಮೊಬೈಲ್ ನಂಬರ್, ‘ಇವರಿಗೆ ಮಾತಾಡಲು ಬರುವುದಿಲ್ಲ’ ಎಂಬ ಚೀಟಿ ಇರಲಿ. ಮೂಗಿನಲ್ಲಿ ನಳಿಗೆ ಹಾಕಿಕೊಂಡ ಮುದುಕರೊಬ್ಬರ ಪಕ್ಕದ ಸೀಟಿನವರು ಎದ್ದು ಹೋಗಿ ನಿಂತುಕೊಂಡದ್ದನ್ನು ಅವರ ಹೆಂಡತಿ ನನ್ನ ಮೇಜಿನ ಮುಂದೆ ಕೂತು ಹೇಳಿದ್ದರು. ಕ್ಯಾನ್ಸರ್ ಅಂಟುರೋಗವಲ್ಲ. ಬಸ್ಸಿನಲ್ಲಿ ಇದನ್ನು ಜೋರಾಗಿ ಹೇಳಬೇಕಾಗಿ ಬಂದರೆ ಹೇಳಿ, ಕಂಡಕ್ಟರ್ ನಿಮ್ಮ ಪರ ನಿಲ್ಲುತ್ತಾರೆ.

ಹಳ್ಳಿಯಿಂದ ಮಿರಜಿನವರೆಗಿನ ದಾರಿಯೇ ನಿಜವಾಗಿ ಕಷ್ಟದ್ದು. ಎಸ್‌ಟಿಯಲ್ಲಿ 65ರಿಂದ 75 ವರ್ಷದವರಿಗೆ ಅರ್ಧ ಟಿಕೆಟ್, 75 ದಾಟಿದವರಿಗೆ 2022ರ ಆಗಸ್ಟ್‌ನಿಂದ ಉಚಿತ, ಹೆಂಗಸರಿಗೆ 2023ರ ಮಾರ್ಚ್‌ನಿಂದ ಅರ್ಧ ಟಿಕೆಟ್. ನಿಮ್ಮ ತಾಯಿ ಜೊತೆಗೆ ಬಂದರೆ ಅವರಿಗೂ ಅರ್ಧವೇ. ಕ್ಯಾನ್ಸರ್ ರೋಗಿಗಳಿಗೆ ಎಸ್‌ಟಿಯಲ್ಲಿ ಬೇರೆಯೇ ರಿಯಾಯಿತಿಯೂ ಇದೆ, ಸರ್ಟಿಫಿಕೇಟ್ ತೋರಿಸಿ ಜತ್ತ ಡಿಪೋದಲ್ಲಿ ವಿಚಾರಿಸಿ. ಇವೆಲ್ಲ ಮಹಾರಾಷ್ಟ್ರದ ಗಡಿಯೊಳಗಿನ ಮಾತು. ಉಮದಿ, ಸಂಖ ಕಡೆಯವರಿಗೆ ಸಾಂಗಲಿಗಿಂತ ವಿಜಯಪುರವೇ ಹತ್ತಿರ, ಮಾತೂ ಕನ್ನಡವೇ. ಆದರೆ ಆ ಕಡೆ ಹೋದರೆ ಎಸ್‌ಟಿಯ ರಿಯಾಯಿತಿ ಗಡಿಯಲ್ಲೇ ಮುಗಿಯುತ್ತದೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್‌ನಿಂದ ಹೆಂಗಸರಿಗೆ ಉಚಿತವಾದರೂ ಅದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಗಡಿ ಭಾಗದ ರೋಗಿ ಎರಡೂ ಕಡೆಗೆ ಹೊರಗಿನವರಾಗುತ್ತಾರೆ. ಎರಡು ರಾಜ್ಯಗಳ ಸಾರಿಗೆಯವರು ಕೂತು ಮಾತಾಡಿ ಬಗೆಹರಿಸಬೇಕಾದ ಅನ್ಯಾಯ ಇದು ಎಂದೇ ನನ್ನ ಅಭಿಪ್ರಾಯ.

ಹಳ್ಳಿಯವರ ಕೈಯಲ್ಲಿ ಇರುವ ಒಂದು ದೊಡ್ಡ ಆಸರೆ ವಸ್ತಿ ಬಸ್ಸು. ರಾತ್ರಿ ಬಂದು ಊರಲ್ಲೇ ತಂಗಿ ನಸುಕಿನಲ್ಲಿ ಹೊರಡುವ ಆ ಬಸ್ಸು ಸೀಟು ಖಾಲಿ ಇರುವ ಬಸ್ಸು, ಊರಿನವರಿಗೆ ಡ್ರೈವರ್, ಕಂಡಕ್ಟರ್ ಇಬ್ಬರ ಪರಿಚಯವೂ ಇರುತ್ತದೆ. ಹಿಂದಿನ ರಾತ್ರಿಯೇ ‘ನಾಳೆ ಪೇಶಂಟ್ ಇದ್ದಾರೆ, ಮುಂದಿನ ಸೀಟು ಬೇಕು’ ಎಂದು ಹೇಳಿಟ್ಟರೆ ಸಾಕು. ವಡಾಪ್ ಜೀಪಿನಲ್ಲಿ (ತಲೆಗಿಷ್ಟೆಂದು ಜನ ತುಂಬಿಸಿಕೊಂಡು ಹೋಗುವ ಖಾಸಗಿ ಗಾಡಿ) ಕುತ್ತಿಗೆಯ ಆಪರೇಷನ್ ಆದವರನ್ನು ಕೂರಿಸಬೇಡಿ, ಅಲ್ಲಿ ಒತ್ತಿಕೊಂಡು ಕೂರಿಸುತ್ತಾರೆ, ತಲೆ ಆನಿಸಲೂ ಜಾಗವಿರುವುದಿಲ್ಲ. ರಾತ್ರಿ ರೈಲಿಗೆ ಬೆಳಗಿನ ಬಸ್ಸು ಬಹಳ ಬೇಗ ಅನ್ನಿಸಿದರೂ ಮಧ್ಯಾಹ್ನದ ಫೇರಿ ರದ್ದಾದ ದಿನ ಅದರ ಬೆಲೆ ತಿಳಿಯುತ್ತದೆ. ಬೇಗ ಬಂದವರು ಅಂದು ಮಿರಜಿನಲ್ಲೇ ರಕ್ತ ಪರೀಕ್ಷೆ ಮುಗಿಸಿಕೊಳ್ಳಬಹುದು.

ಮುಂಬಯಿಯಲ್ಲಿ ನೆಂಟರಿಲ್ಲದವರೂ ಇದನ್ನು ಓದುತ್ತಾರೆ, ಅವರಿಗೆ ಸ್ವಲ್ಪದರಲ್ಲಿ. ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುವುದುಂಟು, ಆಗ ಓಡಾಟದ ಮಾತೇ ಇಲ್ಲ, ಇಲ್ಲೇ ಉಳಿಯಬೇಕು. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ, ಪರೇಲ್‌ನ ನಾನಾ ಪಾಲಕರ್ ಸ್ಮೃತಿ ಸಮಿತಿ, ಮಕ್ಕಳ ಕ್ಯಾನ್ಸರ್ ಇದ್ದ ಮನೆಯವರಿಗೆ ಸೇಂಟ್ ಜೂಡ್ ಕೇಂದ್ರಗಳು, ಇವು ಎಲ್ಲರೂ ಬಲ್ಲ ಜಾಗಗಳು. ಹೆಚ್ಚಿನ ಕಡೆ ಆಸ್ಪತ್ರೆಯ ಚೀಟಿ ಕೇಳುತ್ತಾರೆ, ಆದ್ದರಿಂದ ಮೊದಲು ಸೋಶಿಯಲ್ ವರ್ಕರ್ ಬಳಿ ಹೋಗಿ.

ನಿಮ್ಮದು ಎರಡು ತಿಂಗಳಿಗೊಮ್ಮೆಯ ದಾರಿ. ಡಯಾಲಿಸಿಸ್‌ನವರದು ವಾರಕ್ಕೆ ಎರಡು-ಮೂರು ಸಲದ ದಾರಿ, ಒಂದೊಂದು ಸಲ ನಾಲ್ಕು ಗಂಟೆ ಮಂಚದ ಮೇಲೆ. ಹಳ್ಳಿ ಬಸ್ಸು ಯಾರಿಗಾದರೂ ಪ್ರಾಣದಂತೆ ಬೇಕಿದ್ದರೆ ಅದು ಇವರಿಗೆ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತವಾಯಿತು. ಮಂಚ ಉಚಿತವಾದರೂ ದಾರಿ ಹಾಗೇ ಉಳಿಯಿತು. ಎಸ್‌ಟಿಯ ಸಾಮಾನ್ಯ ಬಸ್ಸಿನಲ್ಲಿ ಡಯಾಲಿಸಿಸ್, ಹಿಮೋಫಿಲಿಯಾ, ಸಿಕಲ್ ಸೆಲ್ ರೋಗಿಗಳಿಗೆ ಟಿಕೆಟ್ ಪೂರ್ತಿ ಮಾಫಿ ಇರುವುದು ದೊಡ್ಡ ಉಪಕಾರ. ಡಯಾಲಿಸಿಸ್‌ನವರಿಗೆ ರೈಲಿನಲ್ಲೂ ಸ್ಲೀಪರ್, ಥರ್ಡ್ ಎಸಿಗಳಲ್ಲಿ ಶೇ. 75 ರಿಯಾಯಿತಿ ಇದೆ.

ಆದರೆ ಬಹಳ ಕೇಂದ್ರಗಳಲ್ಲಿ ಕೆಲಸ ಪಾಳಿಯಲ್ಲಿ ನಡೆಯುತ್ತದೆ, ಯಾವ ಪಾಳಿ ಎಂಬುದರ ಮೇಲೆ ಎಲ್ಲ ನಿಂತಿದೆ. ಹಳ್ಳಿಯವರು ನಸುಕಿನ ಪಾಳಿ ಒಪ್ಪಿಕೊಂಡರೆ ಹಿಂದಿನ ರಾತ್ರಿಯೇ ಬಂದು ಆಸ್ಪತ್ರೆಯ ವರಾಂಡದಲ್ಲಿ ಮಲಗಬೇಕು, ಕೊನೆಯ ಪಾಳಿ ಒಪ್ಪಿಕೊಂಡರೆ ವಾಪಸ್ ಬಸ್ಸು ಸಿಗುವುದಿಲ್ಲ. ಅವರಿಗೆ ಬೇಕಾದದ್ದು ನಡುವಿನ ಪಾಳಿ. ಆಸ್ಪತ್ರೆ ಇರುವ ಊರಲ್ಲೇ ಇರುವವರು ಬೆಳಗಿನ ಮತ್ತು ಸಂಜೆಯ ಪಾಳಿ ತೆಗೆದುಕೊಂಡು, ದೂರದವರಿಗೆ ನಡುವಿನದನ್ನು ಬಿಟ್ಟುಕೊಡುವಂತೆ ಕೇಂದ್ರದ ಟೆಕ್ನಿಷಿಯನ್ ಜೊತೆ ಮಾತಾಡಿ ಒಪ್ಪಿಸಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದೇ ದಾರಿಯ ಇಬ್ಬರು ಮೂವರು ರೋಗಿಗಳಿದ್ದರೆ ಅವರನ್ನು ಒಂದೇ ದಿನ, ಒಂದೇ ಪಾಳಿಗೆ ಹಾಕಿಸಿ. ಬಸ್ಸಿನಲ್ಲಿ ಒಬ್ಬರಿಗೊಬ್ಬರು ಆಗುತ್ತಾರೆ, ಬಸ್ಸು ತಪ್ಪಿದ ದಿನ ಗಾಡಿ ಮಾಡಿದರೂ ಬಾಡಿಗೆ ಹಂಚಿಹೋಗುತ್ತದೆ.

ಡಯಾಲಿಸಿಸ್ ಮುಗಿದ ಕೂಡಲೇ ಬಸ್ಸಿಗೆ ಓಡಬಾರದು. ರಕ್ತದೊತ್ತಡ ಇಳಿದು ತಲೆ ತಿರುಗುವುದು, ಸೂಜಿ ಚುಚ್ಚಿದ ಜಾಗದಿಂದ ರಕ್ತ ಒಸರುವುದು ಆಗಲೇ. ಸ್ವಲ್ಪ ಹೊತ್ತು ಕೂತು, ರಕ್ತ ನಿಂತಿರುವುದನ್ನು ನೋಡಿಕೊಂಡು ಹೊರಡಬೇಕು. ಫಿಸ್ಟುಲಾ ಮಾಡಿದ (ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ) ಕೈಯಿಂದ ಬಸ್ಸಿನ ಮೇಲಿನ ಸರಳಿಗೆ ಜೋತುಬೀಳಬಾರದು, ಆ ಕೈಗೆ ಚೀಲ ತಗುಲಿಹಾಕಬಾರದು, ಬ್ರೇಕ್ ಬಿದ್ದಾಗ ಆ ಕೈ ಒತ್ತಿಹೋಗದಂತೆ ಕಿಟಕಿಯ ಕಡೆ ಕೂರಬೇಕೋ ನಡುದಾರಿಯ ಕಡೆ ಕೂರಬೇಕೋ ನೋಡಿಕೊಳ್ಳಬೇಕು. ಕಂಡಕ್ಟರಿಗೆ ಕೈ ತೋರಿಸಿ ಹೇಳಿಟ್ಟರೆ ಅವರೂ ಜಾಗ ಮಾಡಿಕೊಡುತ್ತಾರೆ.

108 ಆಂಬುಲೆನ್ಸ್ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಮಹಾರಾಷ್ಟ್ರದಲ್ಲಿ 2014ರಿಂದ ಇರುವ ಆ ಸೇವೆ ತುರ್ತಿಗೆ, ತಾರೀಖಿನ ಭೇಟಿಗೆ ಅದು ಬರುವುದಿಲ್ಲ, ಕರೆಯಲೂ ಬಾರದು. ಆದರೆ ತುರ್ತು ಯಾವುದೆಂದು ತಿಳಿದಿರಬೇಕು. ಕೀಮೋ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಮುಂಬಯಿ ರೈಲು ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಆ ಗಳಿಗೆಯೇ ಹೋಗಿ. ನಿಮ್ಮ ತಂದೆಯವರಿಗೆ ಉಸಿರು ಕಟ್ಟಿದಂತಾದರೆ, ಬಾಯಿ ಅಥವಾ ಕುತ್ತಿಗೆಯಿಂದ ರಕ್ತ ಬಂದರೆ ಅದು 108ರ ಕೆಲಸ.

ಇನ್ನು ನಿಮ್ಮ ಭಾವ ಹೇಳಿದ್ದು. ಅಮೆರಿಕದಲ್ಲಿ ಬಡವರ ಆರೋಗ್ಯಕ್ಕೆ 1965ರಲ್ಲಿ ಶುರುವಾದ ಮೆಡಿಕೇಯ್ಡ್ ಎಂಬ ಯೋಜನೆ ಇದೆ. ಕೆಲವು ರಾಜ್ಯಗಳಲ್ಲಿ ಅದನ್ನೇ ಮೆಡಿಕಲ್ ಅಸಿಸ್ಟೆನ್ಸ್ ಎನ್ನುತ್ತಾರೆ. ಬೇರೆ ದಾರಿ ಇಲ್ಲದ ರೋಗಿಯನ್ನು ಚಿಕಿತ್ಸೆಯ ಜಾಗಕ್ಕೆ ತಲುಪಿಸುವ ಹೊಣೆ ರಾಜ್ಯದ್ದು ಎಂಬುದು ಅದರ ನಿಯಮ. 2020ರ ಕೊನೆಯಲ್ಲಿ ಅಲ್ಲಿನ ಸಂಸತ್ತು ಅದನ್ನು ಕಾನೂನಿನಲ್ಲೇ ಬರೆಯಿತು. ಜೊತೆಗೆ ಅಲ್ಲಿ 50,000ಕ್ಕಿಂತ ಕಡಿಮೆ ಜನವಸತಿಯ ಗ್ರಾಮೀಣ ಪ್ರದೇಶಗಳ ಬಸ್ ಸೇವೆಗೆ ಕೇಂದ್ರ ಸರ್ಕಾರದ ಪ್ರತ್ಯೇಕ ಅನುದಾನವಿದೆ. ಎರಡೂ ಕೂಡಿದ್ದರಿಂದ ಹಳ್ಳಿಯ ಬಸ್ ಸಂಸ್ಥೆಯೇ ರೋಗಿಯನ್ನು ಒಯ್ಯುವ ಕೆಲಸ ಮಾಡುತ್ತದೆ. ರೋಗಿ ಮೊದಲೇ ಫೋನ್ ಮಾಡಿ ಹೇಳಬೇಕು, ಸಣ್ಣ ವ್ಯಾನು ಮನೆ ಬಾಗಿಲಿಗೆ ಬರುತ್ತದೆ, ದಾರಿಯಲ್ಲಿ ಬೇರೆಯವರನ್ನೂ ಹತ್ತಿಸಿಕೊಳ್ಳುತ್ತದೆ. ಆ ಪ್ರಯಾಣದ ದುಡ್ಡು ಆರೋಗ್ಯದ ಖಾತೆಯಿಂದ ಬಸ್ಸಿನವರಿಗೆ ಹೋಗುತ್ತದೆ. ಅದರಿಂದ ಬಸ್ಸು ಉಳಿಯುತ್ತದೆ, ಸಂತೆಗೆ ಹೋಗುವ ಮುದುಕರಿಗೂ ಅದೇ ಬಸ್ಸು ಸಿಗುತ್ತದೆ.

ಅಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಅನೇಕ ರಾಜ್ಯಗಳು ಈ ಕೆಲಸವನ್ನು ನಡುವಿನ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿವೆ. ಅವರು ಅಗ್ಗದ ಗಾಡಿ ನೋಡಿ ಕಳಿಸಿದರೆ ಹಳ್ಳಿ ಬಸ್ಸಿನ ಆದಾಯ ಹೋಗುತ್ತದೆ. ಗಾಡಿ ಹೊತ್ತಿಗೆ ಬಾರದೆ ಡಯಾಲಿಸಿಸ್ ತಪ್ಪಿಸಿಕೊಂಡವರ ದೂರುಗಳೂ ಬಹಳ. ಆದರೂ ರೋಗಿಯ ದಾರಿ ಖರ್ಚು ಚಿಕಿತ್ಸೆಯ ಖರ್ಚೇ ಎಂಬುದನ್ನು ಅವರು ಒಪ್ಪಿದ್ದಾರೆ. ಅದನ್ನು ನಾವು ಕಲಿಯಬೇಕು.

ನಮ್ಮಲ್ಲೂ ಇದಕ್ಕೆ ಮೊದಲಿಲ್ಲ ಎಂದಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಗರ್ಭಿಣಿಯನ್ನು ಮನೆಯಿಂದ ಆಸ್ಪತ್ರೆಗೆ, ಬೇಕಾದರೆ ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಹೆರಿಗೆಯಾದ ಮೇಲೆ ಮನೆಗೆ ಉಚಿತವಾಗಿ ಒಯ್ಯುವುದು ಸರ್ಕಾರದ ಹೊಣೆ. ಆದಿವಾಸಿ ಪ್ರದೇಶದ ಕ್ಷಯರೋಗಿಗೆ ಓಡಾಟಕ್ಕೆಂದು ಒಂದು ಸಲ 750 ರೂಪಾಯಿ ಇದೆ. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಒಂದು ಭರ್ತಿಗೆ 100 ರೂಪಾಯಿಯಂತೆ ವರ್ಷಕ್ಕೆ 1,000 ರೂಪಾಯಿವರೆಗೆ ದಾರಿ ಖರ್ಚು ಸಿಗುತ್ತಿತ್ತು. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಭರ್ತಿಯಾದ ರೋಗಿಗೆ ಆಸ್ಪತ್ರೆಯಿಂದ ಮನೆಗೆ ಹೋಗುವ ಎಸ್‌ಟಿ ಅಥವಾ ಸೆಕೆಂಡ್ ಕ್ಲಾಸ್ ರೈಲಿನ ದರ ಪ್ಯಾಕೇಜಿನೊಳಗೇ ಸೇರಿದೆ. ನಿಮ್ಮ ತಂದೆಯವರು ಮುಂದೆ ಯಾವಾಗಲಾದರೂ ಆ ಯೋಜನೆಯಡಿ ಭರ್ತಿಯಾದರೆ ಡಿಸ್ಚಾರ್ಜ್ ದಿನ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರು) ಈ ಬಗ್ಗೆ ಕೇಳಿ. ಅದು ರೋಗಿಯ ಹಕ್ಕು, ದಾನವಲ್ಲ. ಈ ಎಲ್ಲ ತುಂಡುಗಳಲ್ಲಿ ಹೊರರೋಗಿಯ ದಾರಿ ಮಾತ್ರ ಬಿಟ್ಟುಹೋಗಿದೆ. ಡಯಾಲಿಸಿಸ್, ಕೀಮೋ, ರೇಡಿಯೇಷನ್‌ನವರು ಬಹುಪಾಲು ಹೋಗಿಬಂದು ಮಾಡುವವರೇ ಆದ್ದರಿಂದ ಅತಿ ಹೆಚ್ಚು ಓಡಾಡುವವರಿಗೆ ಅತಿ ಕಡಿಮೆ ಸಹಾಯ.

ಸರ್ಕಾರ ಬದಲಿಸುವವರೆಗೆ ಕಾಯಬೇಕಿಲ್ಲ. ನಿಮ್ಮ ಊರಿನಲ್ಲಿ ಕ್ಯಾನ್ಸರ್, ಡಯಾಲಿಸಿಸ್, ಹೃದಯದ ತೊಂದರೆಗೆ ಹೊರಗೆ ಹೋಗಿಬರುವವರು ಯಾರ್ಯಾರೆಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಯಾವ ವಾರ, ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ ತಲುಪಬೇಕು, ಎಷ್ಟು ಹೊತ್ತಿಗೆ ಬಿಡುಗಡೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ, ರೋಗದ ಹೆಸರು ಬರೆಯದೆ, ಗ್ರಾಮ ಪಂಚಾಯಿತಿಯ ಠರಾವಿನೊಂದಿಗೆ ಜತ್ತದ ಡಿಪೋ ಮ್ಯಾನೇಜರಿಗೆ ಕೊಡಿ. ಹೊಸ ಬಸ್ಸು ಕೇಳಿದರೆ ಬಸ್ಸಿಲ್ಲ, ಸಿಬ್ಬಂದಿ ಇಲ್ಲ ಎಂದು ಉತ್ತರ ಬರುತ್ತದೆ. ಇರುವ ಫೇರಿಯನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಿ, ರಜೆಯಲ್ಲೂ ಒಂದು ಫೇರಿಯಾದರೂ ಓಡಿಸಿ, ಮುಂದಿನ ಎರಡು ಸೀಟು ಪೇಶಂಟ್‌ಗಳಿಗೆ ಬಿಡಿ ಎಂದು ಕೇಳಿದರೆ ಮ್ಯಾನೇಜರ್ ಮಟ್ಟದಲ್ಲೇ ಆಗುವ ಕೆಲಸ ಅದು. ತಹಶೀಲ್ದಾರರಿಗೆ, ಶಾಸಕರಿಗೆ ಒಂದೊಂದು ಪ್ರತಿ ಕೊಟ್ಟು ಪೋಹೋಚ್, ಅಂದರೆ ತಲುಪಿದ ರಸೀದಿ, ಇಟ್ಟುಕೊಳ್ಳಿ.

ಈ ಹದಿನೈದು ದಿನದಲ್ಲಿ ನೀವು ಮಾಡಬೇಕಾದದ್ದು: ಫೈಲು ತೆಗೆದುಕೊಂಡು ಒಬ್ಬರೇ ಪರೇಲ್‌ಗೆ ಹೋಗಿ, ತಂದೆಯವರು ಬರಬೇಕಿಲ್ಲ. ಸೋಶಿಯಲ್ ವರ್ಕರ್ ಬಳಿ ಕೂತು ತಾರೀಖನ್ನು ವಾರದ ನಡುವಿಗೆ ಬದಲಿಸಿಕೊಳ್ಳಿ, ರೈಲ್ವೆ ಸರ್ಟಿಫಿಕೇಟ್ ಕೇಳಿ. ಬರುವಾಗ ಡೊಂಬಿವಲಿಯ ರಿಸರ್ವೇಷನ್ ಕೌಂಟರಿನಲ್ಲೇ ಸರ್ಟಿಫಿಕೇಟಿನಲ್ಲಿ ಇರುವಂತೆ ಮಿರಜ್‌ನಿಂದ ಮುಂಬಯಿಗೆ ಟಿಕೆಟ್ ಮಾಡಿಸಿ (ಇಳಿಯುವುದು ಕಲ್ಯಾಣದಲ್ಲಿ), ತಂದೆಯವರಿಗೆ ಕೆಳಗಿನ ಬರ್ತ್ ಎಂದು ಫಾರ್ಮಿನಲ್ಲಿ ಬರೆಯಲು ಮರೆಯಬೇಡಿ.